ಥಿನ್ನರಿಗೆ ಹೋಗದ ಕಲೆ

ಊರಿಗೆಲ್ಲ ಹೇಳಿ ತನಗೊಬ್ಬನಿಗೆ ಹೇಳಲಿಲ್ಲವಲ್ಲ ಎಂಬ ಸಿಟ್ಟು ವೆಲ್ಡಿಂಗ್ ಮಿಸ್ತ್ರಿಗೆ ಅಕ್ಕನ ಮೇಲೆ ಇವತ್ತಿಗೂ ಇಳಿದಿಲ್ಲ. ಹೆಂಡತಿಗೆ ಗೊತ್ತಿತ್ತು. ಪಕ್ಕದ ಅಂಗಡಿಯ ಟೈಲರಮ್ಮನಿಗೆ ಗೊತ್ತಿತ್ತು. ಟೀ ತಂದುಕೊಡುವ ಹೆಂಗಸಿಗೂ ಗೊತ್ತಿತ್ತು. ಮಿಸ್ತ್ರಿಯ ಟೀಗೆ ಸಕ್ಕರೆ ಬೇಡ ಎಂಬುದು ಅವಳಿಗೆ ಒಂದು ದಿನವೂ ನೆನಪಿರುತ್ತಿರಲಿಲ್ಲ, ಇದು ಮಾತ್ರ ನೆನಪಿತ್ತು. ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ತಗಡಿನ ಶೆಡ್ಡಿನಲ್ಲಿ ಬೆಳಗಿಂದ ಸಂಜೆತನಕ ಜೊತೆಗೆ ದುಡಿಯುವ ತಮ್ಮನಿಗೆ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅಕ್ಕ, "ಹೇಳಿದ್ರೆ ಏನ್ ಮಾಡ್ತಿದ್ದೆ? ವೆಲ್ಡಿಂಗ್ ಮಾಡ್ತಿದ್ದ್ಯಾ?" ಅಂದಿದ್ದಳು. ಆ ಸಿಟ್ಟು ಬೇರೆ.

ಅಕ್ಕನನ್ನು ಬೀದಿಯವರೆಲ್ಲ ಪೇಂಟಕ್ಕ ಎಂದೇ ಕರೆಯುತ್ತಿದ್ದರು. ಮಿಸ್ತ್ರಿ ಗೇಟು, ಕಿಟಕಿ, ಮಂಚ ಬೆಸೆದು, ಗ್ರೈಂಡರ್ ಹೊಡೆದು ಈಚೆಗೆ ತಳ್ಳಿದರೆ ಅಲ್ಲಿಂದ ಮುಂದಿನದು ಅವಳ ರಾಜ್ಯ. ಎಮರಿ ಕಾಗದದಲ್ಲಿ ಉಜ್ಜಿ, ಧೂಳು ಒರೆಸಿ, ಮೊದಲು ತುಕ್ಕು ತಡೆಯುವ ರೆಡಾಕ್ಸೈಡ್ ಎಂಬ ಇಟ್ಟಿಗೆ ಬಣ್ಣದ ಒಂದು ಕೋಟು. ಅದು ಒಣಗಿದ ಮೇಲೆ ಗಿರಾಕಿ ಕೇಳಿದ ಬಣ್ಣ. ಗಿರಾಕಿ ಕೆಟ್ಟ ಬಣ್ಣ ಕೇಳಿದರೆ ಹೊಡೆಯುತ್ತಿರಲಿಲ್ಲ. "ಈ ಹಸಿರು ನಿಮ್ಮನೆಗೆ ಬೇಡ, ಬಂದೋರಿಗೆ ವಾಂತಿ ಬರುತ್ತೆ" ಎಂದು ಮುಖದ ಮೇಲೇ ಹೇಳುತ್ತಿದ್ದಳು. ತಮ್ಮನಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಅಕ್ಕನಿಗೆ ಮಾತು ನಾಲಿಗೆಯ ತುದಿಯಲ್ಲಿ. ಗಿರಾಕಿಗಳು ಇಬ್ಬರಿಗೂ ಹೆದರಿ ಚೌಕಾಸಿ ಮಾಡದೆ ಹೋಗುತ್ತಿದ್ದರು. ಶೆಡ್ಡು ನಡೆದದ್ದೇ ಹಾಗೆ.

ಅವಳಿಗೆ ಮದುವೆಯಾಗಿತ್ತು, ಆಗಿ ಮುಗಿದಿತ್ತು. ಮಕ್ಕಳಾಗಲಿಲ್ಲವೆಂದು ಅತ್ತೆ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದ್ದಳು. ಗಂಡನನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ನೋಡೋಕೆ ಚೆನ್ನಾಗೇ ಇದ್ದಾನಲ್ಲ ಅಂದರಂತೆ. ಸ್ವಲ್ಪ ದಿನಕ್ಕೆ ಅವಳು ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಆ ಆಸ್ಪತ್ರೆಯಲ್ಲಿ ಏನು ನಡೆಯಿತೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವತ್ತಿನಿಂದ ಆಸ್ಪತ್ರೆ ಎಂದರೆ ಬೇರೆಯವರನ್ನು ನೋಡಲು ಹಣ್ಣು ಹಿಡಿದುಕೊಂಡು ಹೋಗುವ ಜಾಗ, ಅಷ್ಟೇ. ಬೀದಿಯ ಕೊನೆಯಲ್ಲಿ ಹೆಂಗಸರ ಕ್ಲಿನಿಕ್ ಶುರುವಾಗಿ, ಕಾಯಿಲೆ ಏನೂ ಇಲ್ಲದಿದ್ದರೂ ಆಗಾಗ ಬಂದು ತೋರಿಸಿಕೊಳ್ಳಿ ಎಂದು ಬೋರ್ಡು ಹಾಕಿದಾಗ, ಪೇಂಟಕ್ಕ ಅದರ ಮುಂದೆ ನಿಂತು ಮೊದಲಿಂದ ಕೊನೆಯವರೆಗೆ ಓದಿ, "ಎರಡೇ ಬಿಸಿಲಿಗೆ ಈ ಬಣ್ಣ ಏಳುತ್ತೆ ನೋಡ್ತಿರು" ಎಂದಿದ್ದಳು. ಎದ್ದಿತ್ತು ಕೂಡ.

ರೆಡಾಕ್ಸೈಡಿನ ಗುಣವೇನೆಂದರೆ, ಅದು ಮುಟ್ಟಿದವರನ್ನು ಸುಲಭಕ್ಕೆ ಬಿಡುವುದಿಲ್ಲ. ಪೇಂಟಕ್ಕನ ಉಗುರಲ್ಲಿ, ಮೊಣಕೈಯಲ್ಲಿ, ಕೆಲಸಕ್ಕೆಂದೇ ಇಟ್ಟ ಹಳೇ ಬಟ್ಟೆಯ ಹಿಂದೆ ಮುಂದೆ ಎಲ್ಲೆಂದರಲ್ಲಿ ಆ ಕಂದುಗೆಂಪು ಇದ್ದೇ ಇರುತ್ತಿತ್ತು. ಹಾಗಾಗಿ ಒಂದು ಬೆಳಿಗ್ಗೆ ಅವಳು ಎದ್ದುಹೋದ ಸ್ಟೂಲಿನ ಮೇಲೆ ಕಲೆ ಕಂಡಾಗ ಮಿಸ್ತ್ರಿ ಬೇರೇನೂ ಯೋಚಿಸಲಿಲ್ಲ.

"ಅಕ್ಕ! ಹಸಿ ಬಣ್ಣ ಹತ್ತಿರೋ ಸ್ಟೂಲಿನ ಮೇಲೆ ಕೂತಿದ್ದೀಯಲ್ಲ, ಕಣ್ಣೇನು ಮನೇಲಿ ಬಿಟ್ಟು ಬಂದ್ಯಾ? ಇಷ್ಟು ವರ್ಷ ಬ್ರಷ್ ಹಿಡಿದು ಕಲ್ತಿದ್ದೇನು?"

ಅಕ್ಕ ತಿರುಗಿ ಸ್ಟೂಲು ನೋಡಿದಳು. ಒಂದಕ್ಕೆ ಹತ್ತು ಮಾತಾಡುವವಳು, "ಹೂಂ ಕಣೋ, ನೋಡ್ಲಿಲ್ಲ" ಎಂದು ಸುಮ್ಮನಾದಳು. ಅಕ್ಕನ ಜೊತೆಗಿನ ಜಗಳದಲ್ಲಿ ತಮ್ಮ ಗೆದ್ದದ್ದು ಅದೇ ಮೊದಲು. ಅವತ್ತು ಮಧ್ಯಾಹ್ನ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಕೆಲವು ವಾರ ಕಳೆದು ಮತ್ತೆ ಅದೇ ಸ್ಟೂಲು, ಅದೇ ಕಲೆ. ಸೊಂಟ ನೋವೆಂದು ಅಕ್ಕ ಅವತ್ತು ಬೇಗನೆ ಮನೆಗೆ ಹೋಗಿದ್ದಳು. ಬೈಯಲು ಎದುರಿಗೆ ಜನ ಇಲ್ಲದ್ದರಿಂದ ಮಿಸ್ತ್ರಿ ತಾನೇ ಒರೆಸಲು ಕೂತ. ಥಿನ್ನರಿನಲ್ಲಿ ಬಟ್ಟೆ ಅದ್ದಿ ಉಜ್ಜಿದರೆ ಒಣಗಿದ ರೆಡಾಕ್ಸೈಡೂ ಕರಗಿ ಬರಬೇಕು. ಬರಲಿಲ್ಲ. ಥಿನ್ನರಿಗೆ ಏನೋ ಬೆರೆಸಿ ಕೊಟ್ಟಿದ್ದಾನೆಂದು ಅಂಗಡಿಯವನ ವಂಶವನ್ನೆಲ್ಲ ಬೈದ. ಪರೀಕ್ಷೆಗೆಂದು ಅದೇ ಬಟ್ಟೆಯನ್ನು ಗೋಡೆಗೆ ಒರಗಿಸಿದ್ದ ಗೇಟಿನ ಮೇಲೆ ಉಜ್ಜಿದ. ಅಲ್ಲಿ ಬಣ್ಣ ಧಾರಾಳವಾಗಿ ಬಂತು. ಮತ್ತೆ ಸ್ಟೂಲನ್ನು ಉಜ್ಜಿದ, ಕಲೆ ಬರಲಿಲ್ಲ. ಕೊನೆಗೆ ಕೈ ತೊಳೆಯುವ ಬಕೆಟ್ಟಿನಲ್ಲಿ ಇನ್ನೊಂದು ಬಟ್ಟೆ ಅದ್ದಿ ಎಳೆದ. ಎರಡು ಸಲ ಒರೆಸುವುದರೊಳಗೆ ಸ್ಟೂಲು ಶುಭ್ರವಾಯಿತು.

ನೀರಿಗೆ ಹೋಗುವ ರೆಡಾಕ್ಸೈಡನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದ. ಆಮೇಲೆ ಬಕೆಟ್ಟಿನ ನೀರು ಚೆಲ್ಲಿ, ಬಟ್ಟೆಯನ್ನು ಮಡಿಸಿ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತ. ಸ್ಟೂಲಿನ ಮೇಲಲ್ಲ, ನೆಲದ ಮೇಲೆ.

ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಅಕ್ಕನಿಗೆ ಏನಾಗಿದೆ?"

"ಯಾಕೆ, ಏನಾಗಿದೆ?"

"ನನ್ನನ್ನೇ ಕೇಳ್ಬೇಡ. ಸ್ಟೂಲು ನೋಡ್ದೆ."

ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ಪೂರ್ತಿ ಮಡಿಸಿ ಕೆಳಗಿಟ್ಟಳು. "ಅಂತೂ ನಿಮಗೂ ಗೊತ್ತಾಯ್ತು."

ಅಕ್ಕನಿಗೆ ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು. ಹೋದ ವರ್ಷದಿಂದ ಮತ್ತೆ ಆಗೊಮ್ಮೆ ಈಗೊಮ್ಮೆ ರಕ್ತ ಕಾಣುತ್ತಿತ್ತು. ಇದು ವೆಲ್ಡಿಂಗಿನ ಕಾವು, ಬೆಂಕಿ ಪಕ್ಕ ಕೂತರೆ ಇನ್ನೇನಾಗುತ್ತೆ ಎಂದು ಟೈಲರಮ್ಮ ತೀರ್ಪು ಕೊಟ್ಟಿದ್ದಳು. ವಯಸ್ಸು ಹಿಂದಕ್ಕೆ ತಿರುಗಿದೆ, ಇಂಥ ಅದೃಷ್ಟ ಎಲ್ಲರಿಗೂ ಬರೋಲ್ಲ ಎಂದು ಟೀಯವಳು ಹೇಳಿದ್ದಳು.

"ನೀನೇನ್ ಹೇಳ್ದೆ?"

"ಡಾಕ್ಟರಿಗೆ ತೋರ್ಸಿ ಅಕ್ಕ ಅಂದೆ. ಈ ಮನೇಲಿ ನನ್ನ ಮಾತು ಯಾರ್ ಕೇಳ್ತಾರೆ? ನೀವು ಕೇಳ್ತೀರಾ?"

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೂಗಾಡ್ತೀರಿ ಅಂತ ಅಕ್ಕನೇ ಬೇಡ ಅಂದ್ರು."

"ನಾನೆಲ್ಲಿ ಕೂಗಾಡ್ತೀನಿ!" ಎಂದು ಅವನು ಕೂಗಿದ್ದು ಕೇಳಿ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

ಮರುದಿನ ಶೆಡ್ಡಿಗೆ ಬಂದ ಅಕ್ಕನನ್ನು ಅವನು ಬಾಗಿಲಲ್ಲೇ ತಡೆದ. ರಾತ್ರಿಯೆಲ್ಲ ನಯವಾದ ಮಾತು ಹುಡುಕಿದ್ದ. ಬಾಯಿ ಬಿಟ್ಟಾಗ ಬಂದದ್ದು ಇಷ್ಟು: "ಕ್ಲಿನಿಕ್ಕಿಗೆ ನಡಿ."

"ಯಾರಿಗೇನಾಯ್ತೋ?"

"ನಿನಗೆ."

ಅವಳಿಗೆ ಅರ್ಥವಾಯಿತು. ಅವನನ್ನು ಸರಿಸಿ ಒಳಗೆ ಹೋಗಿ ಡಬ್ಬದ ಮುಚ್ಚಳ ತೆಗೆದಳು. "ಆ ರಿಪೇರಿಯೆಲ್ಲ ಹೆತ್ತೋರಿಗೆ ಕಣೋ. ನಂದು ಬಳಸದೇ ಇಟ್ಟ ಪಾತ್ರೆ, ಅದಕ್ಕೇನಾಗುತ್ತೆ?"

"ಆಗಿದೆಯಲ್ಲ!"

"ಆಗ್ಲಿ. ಆ ಆಸ್ಪತ್ರೆ ಟೇಬಲ್ಲು ಹತ್ತೋದಕ್ಕಿಂತ ಹೀಗೇ ಹೋಗ್ಬಿಡ್ತೀನಿ."

ತಮಾಷೆ ಮಾಡುವಾಗ ಅಕ್ಕ ತಮ್ಮನ ಮುಖ ಹೇಗಾಗುತ್ತದೆಂದು ಓರೆಗಣ್ಣಲ್ಲಿ ನೋಡುವುದು ವಾಡಿಕೆ. ಅವತ್ತು ನೋಡಲಿಲ್ಲ. ಬ್ರಷ್ ಅದ್ದಿ ಕೆಲಸ ಹಿಡಿದಳು. ಅಲ್ಲಿಂದ ಮೂರು ದಿನ ಅವನು ಕೂಗಿ, ಬೇಡಿ, ಮುಖ ಊದಿಸಿಕೊಂಡು ಮಾತು ಬಿಟ್ಟು, ತನಗೆ ಗೊತ್ತಿದ್ದ ಎಲ್ಲ ವಿದ್ಯೆಯನ್ನೂ ತೋರಿಸಿದ. ಅವಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಯಾರ ಜೊತೆಗಾದರೂ ಜಗಳ ಆಡದಿದ್ದರೆ ತಲೆ ಸಿಡಿಯುವಂತಾದ್ದರಿಂದ ಮಿಸ್ತ್ರಿ ಕ್ಲಿನಿಕ್ಕಿಗೇ ನುಗ್ಗಿದ. ಬೆಂಚಿನ ತುಂಬ ಹೆಂಗಸರು. ಅವನನ್ನು ಕಂಡು ಎಲ್ಲರೂ ಒಟ್ಟಿಗೆ ಮಾತು ನಿಲ್ಲಿಸಿದರು. ಅವನು ಗೋಡೆಗೆ ಅಂಟಿಸಿದ ಗರ್ಭಕೋಶದ ಚಿತ್ರ ನೋಡುತ್ತ ನಿಂತ. ಅದು ಏನೆಂದು ಓದಿ ತಿಳಿದ ಮೇಲೆ ಫ್ಯಾನ್ ನೋಡುತ್ತ ನಿಂತ. ಸರದಿ ಬಂದು ಒಳಗೆ ಹೋಗುವಷ್ಟರಲ್ಲಿ ಅರ್ಧ ಸಿಟ್ಟು ಬೆವರಿನಲ್ಲಿ ಹೋಗಿತ್ತು.

ಡಾಕ್ಟರಮ್ಮ ಅವನು ಹೇಳಿದ್ದನ್ನು ಪೂರ್ತಿ ಕೇಳಿದಳು.

"ಮುಟ್ಟು ನಿಂತ ಮೇಲೆ ಒಂದು ತೊಟ್ಟು ಕಂಡ್ರೂ ತೋರಿಸ್ಬೇಕು. ಬಹಳ ಜನಕ್ಕೆ ಅಪಾಯ ಏನೂ ಇರಲ್ಲ. ಇರೋರಿಗೆ ತಡ ಆದಷ್ಟೂ ಕಷ್ಟ."

"ಹೆರದೋರಿಗೆ ಇದೆಲ್ಲ ಬೇಡ ಅಂತಾಳೆ."

"ಹೆರದೋರಿಗೇ ಈ ತೊಂದರೆ ಜಾಸ್ತಿ. ಕರ್ಕೊಂಡ್ ಬನ್ನಿ."

"ಟೇಬಲ್ಲು ಹತ್ತಲ್ಲ ಅಂತಾಳೆ. ಜೀವ ಹೋದ್ರೂ ಸರಿ ಅಂತಾಳೆ."

ಡಾಕ್ಟರಮ್ಮ ಪೆನ್ನು ಮುಚ್ಚಿಟ್ಟಳು. "ನೀವು ಏನ್ ಕೆಲಸ ಮಾಡೋದು?"

"ವೆಲ್ಡಿಂಗು."

"ಒಳ್ಳೇದಾಯ್ತು. ನಮ್ಮ ಒಂದು ಟೇಬಲ್ಲಿನಲ್ಲಿ ಕಾಲು ಇಡೋ ಕಮಾನು ಅಲ್ಲಾಡ್ತಿದೆ. ತಗೊಂಡು ಹೋಗಿ ಸರಿ ಮಾಡ್ಕೊಡಿ."

ಜಗಳಕ್ಕೆಂದು ಹೋದವನು ತಳ್ಳುಗಾಡಿಯ ಮೇಲೆ ಟೇಬಲ್ಲು ಹೇರಿಕೊಂಡು ಬಂದ.

ಪೇಂಟಕ್ಕ ಅದನ್ನು ನೋಡಿ ಬಣ್ಣದ ಡಬ್ಬ ಎತ್ತಿಕೊಂಡು ಶೆಡ್ಡಿನ ಆಚೆ ತುದಿಗೆ ಹೋದಳು. ಅವನು ಮುರಿದ ಬೆಸುಗೆ ಕೊರೆದು ತೆಗೆದು, ಹೊಸದು ಹಾಕಿ, ಗ್ರೈಂಡರ್ ಹೊಡೆದ. ಅವನದೊಂದು ಪದ್ಧತಿಯಿತ್ತು. ಮಾಡಿದ ಮಾಲನ್ನು ಮೊದಲು ತನ್ನ ಮೈ ಭಾರ ಹಾಕಿ ನೋಡದೆ ಕೊಡುತ್ತಿರಲಿಲ್ಲ. ಕುರ್ಚಿಯಾದರೆ ಕೂತು ಕುಲುಕಾಡುತ್ತಿದ್ದ, ಮಂಚವಾದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದ, ಗೇಟಾದರೆ ಹತ್ತಿ ಜೋತುಬೀಳುತ್ತಿದ್ದ. ಇದೂ ಕಬ್ಬಿಣವೇ, ಇದಕ್ಕೊಂದು ಬೇರೆ ನ್ಯಾಯ ಯಾಕೆ? ಟೇಬಲ್ಲು ಹತ್ತಿ ಮಲಗಿ, ಎರಡು ಕಾಲನ್ನೂ ಎತ್ತಿ ಎರಡು ಕಮಾನಿಗೆ ಹಾಕಿದ.

ತಲೆ ಗೋಡೆಯ ಕಡೆಗಿತ್ತು, ಕಾಲು ಬೀದಿಯ ಕಡೆಗೆ. ಬೆಸುಗೆ ಭಾರ ತಡೆಯುತ್ತದೋ ಇಲ್ಲವೋ ತಿಳಿಯಲು ಸ್ವಲ್ಪ ಹೊತ್ತು ಮಲಗಲೇಬೇಕು, ಮಲಗಿದ. ಆಗಲೇ ಒಬ್ಬ ಗಿರಾಕಿ ಬಂದು ಅವನ ಎರಡು ಮಂಡಿಗಳ ನಡುವೆ ನಿಂತು, "ಮಿಸ್ತ್ರಿ, ನನ್ನ ಗೇಟು ಎಲ್ಲಿಗ್ ಬಂತು?" ಎಂದ.

"ನಾಳೆ ಬನ್ನಿ."

"ನಿನ್ನೇನೂ ಹಾಗೇ ಅಂದ್ರಿ."

ಬೇರೆ ದಿನವಾಗಿದ್ದರೆ ಆ ಗಿರಾಕಿ ಬೀದಿಯ ಕೊನೆ ಸೇರುತ್ತಿದ್ದ. ಆದರೆ ಆ ಭಂಗಿಯಲ್ಲಿ ಸಿಟ್ಟು ಮಾಡಿಕೊಳ್ಳಲು ಸಾಧ್ಯವೇ ಇಲ್ಲ ಎಂಬುದು ಮಿಸ್ತ್ರಿಗೆ ಆಗ ತಿಳಿಯಿತು. ಬೆನ್ನಿಗೆ ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ಎದುರಿಗಿದ್ದವನ ಮುಖ ನೋಡಬೇಕಾದರೆ ಕತ್ತು ಎತ್ತಬೇಕು, ಎತ್ತಿದರೆ ಕಾಲು ಜಾರುತ್ತದೆ. "ದಯವಿಟ್ಟು ನಾಳೆ ಬನ್ನಿ" ಎಂದ. ದಯವಿಟ್ಟು ಎಂಬ ಮಾತು ಕೇಳಿ ಗಿರಾಕಿಯೇ ಹೆದರಿ ಹೊರಟುಹೋದ.

ಟೈಲರಮ್ಮ ಬಾಗಿಲಿಗೆ ಬಂದಳು. "ಮಿಸ್ತ್ರಿಯವರೇ, ಗಂಡೋ ಹೆಣ್ಣೋ?"

ಶೆಡ್ಡಿನ ಆಚೆ ತುದಿಯಲ್ಲಿ ಬ್ರಷ್ ಕೆಳಗೆ ಬಿದ್ದ ಸದ್ದಾಯಿತು. ಅಕ್ಕ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವತನಕ ನಕ್ಕು, ಆಮೇಲೆ ಹತ್ತಿರ ಬಂದು ಟೇಬಲ್ಲಿನ ಅಂಚು ಹಿಡಿದು ನಿಂತಳು.

"ಹೇಗಿದೆಯೋ?"

"ಬೀದಿಯೆಲ್ಲ ನನ್ನನ್ನೇ ನೋಡ್ತಿದೆ ಅನ್ನಿಸ್ತು."

"ನೋಡ್ತಾನೇ ಇತ್ತು." ನಗು ಇಳಿದ ಮೇಲೆ ಅವಳು ಅದೇ ದನಿಯಲ್ಲಿ ಮುಂದುವರಿಸಿದಳು. "ಅವತ್ತು ನನ್ನನ್ನೂ ಹೀಗೇ ಮಲಗಿಸಿದ್ರು. ಬಾಗಿಲು ತೆಗೆದಿತ್ತು. ಪರದೆ ಒಗೆಯೋಕೆ ಹೋಗಿದೆ ಅಂದ್ರು. ಹೊರಗೆ ಚೀಟಿ ಹಿಡಿದು ಸಾಲು ನಿಂತಿದ್ರು ಕಣೋ. ಒಬ್ಬ ಇಣುಕಿ, ಇನ್ನೂ ಎಷ್ಟು ಹೊತ್ತು ಅಂತ ನನ್ನನ್ನೇ ಕೇಳ್ದ."

ಮಿಸ್ತ್ರಿ ಕಾಲು ಇಳಿಸಿ ಎದ್ದು ಕೂತ. ಇಣುಕಿದವನು ಯಾರು, ಎಲ್ಲಿದ್ದಾನೆ ಎಂದು ಕೇಳಬೇಕೆನ್ನಿಸಿತು. ಆಗಿ ಮೂವತ್ತು ವರ್ಷವಾಗಿತ್ತು.

"ಪರದೆ ಇದ್ರೆ ಹೋಗ್ತೀಯಾ?"

"ಯಾರ್ದೋ ಪರದೆ ನಂಬಲ್ಲ."

ಅವನು ಪೈಪು ಅಳತೆ ಮಾಡಿ ಕತ್ತರಿಸಲು ಶುರುಮಾಡಿದ. ಬೇಕಾದ ಕಡೆ ತಳ್ಳಲು ಗಾಲಿ, ಬಾಗಿಲ ಹಾಗೆ ಮಡಚುವ ಮೂರು ಚೌಕಟ್ಟು, ಎಷ್ಟು ಉದ್ದದ ಮನುಷ್ಯ ನಿಂತರೂ ಮೇಲಿಂದ ಇಣುಕಲಾಗದ ಎತ್ತರ. ಗಂಡೋ ಹೆಣ್ಣೋ ಎಂದ ತಪ್ಪಿಗೆ ಟೈಲರಮ್ಮ ಎರಡು ಪದರದ ದಪ್ಪ ಬಟ್ಟೆ ಹೊಲಿದುಕೊಟ್ಟಳು. ಚೌಕಟ್ಟಿಗೆ ಬಣ್ಣ ಹೊಡೆಯುವುದಂತೂ ಪೇಂಟಕ್ಕನೇ. ಬೂದು ಬೇಡ, ಬಿಳಿ ಬೇಡ, ಅವೆರಡೂ ಆಸ್ಪತ್ರೆ ಬಣ್ಣ ಎಂದು ಹಳದಿ ಹೊಡೆದಳು.

ತಳ್ಳುಗಾಡಿಯಲ್ಲಿ ಟೇಬಲ್ಲು, ಅದರ ಮೇಲೆ ಪರದೆ, ಹಿಂದೆ ಅಕ್ಕ, ಅವಳ ಹಿಂದೆ ಮಿಸ್ತ್ರಿಯ ಹೆಂಡತಿ. ಹೀಗೆ ಮೆರವಣಿಗೆ ಕ್ಲಿನಿಕ್ ತಲುಪಿತು.

"ನಮ್ಮಲ್ಲಿ ಪರದೆ ಇದೆಯಲ್ಲ ಮಿಸ್ತ್ರಿ" ಎಂದಳು ಡಾಕ್ಟರಮ್ಮ.

"ಇದೂ ಇರ್ಲಿ." ಅವನ ಮುಖ ನೋಡಿ ಅವಳು ಮುಂದೆ ಕೇಳಲಿಲ್ಲ. ಅಕ್ಕ ಮಾತ್ರ ಕೇಳಿದವರಿಗೆ, ಕೇಳದವರಿಗೆ ಎಲ್ಲ, "ಮುಟ್ಬೇಡಿ, ಒಂದು ಮೂಲೆ ಇನ್ನೂ ಹಸಿಯಿದೆ" ಎಂದು ಹೇಳುತ್ತ, ಬಣ್ಣ ಕಾಯಲು ಬಂದವಳಂತೆ ಪರದೆಯ ಜೊತೆಗೇ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಮಿಸ್ತ್ರಿ ಬೆಂಚಿನ ತುದಿಯಲ್ಲಿ ಕೂತ. ಒಳಗಿಂದ ಏನೂ ಕೇಳಿಸಲಿಲ್ಲ. ಆಮೇಲೆ ಅಕ್ಕನ ದನಿ ಕೇಳಿತು: "ಈ ಕಮಾನು ಸ್ವಲ್ಪ ಕೆಳಗಿರ್ಬೇಕಿತ್ತು ಅಂತ ನನ್ನ ತಮ್ಮನಿಗೆ ಹೇಳಿ. ಅವನ ಕಾಲಿನ ಅಳತೆಗೆ ಮಾಡ್ಕೊಂಡಿದ್ದಾನೆ."

ಸ್ಕ್ಯಾನ್ ಮಾಡಿ, ಗರ್ಭಕೋಶದ ಒಳಪದರದಿಂದ ಒಂದು ಚೂರು ತೆಗೆದು ಲ್ಯಾಬಿ‌ಗೆ ಕಳಿಸಿದರು. ಅಕ್ಕ ಹೊರಗೆ ಬಂದಳು; ಮುಖ ಬಿಳಿಚಿತ್ತು. "ನೋವಾಯ್ತು, ಸ್ವಲ್ಪವೇ" ಎಂದಳು. ಡಾಕ್ಟರಮ್ಮನ ಕಣ್ಣು ಹೆಂಡತಿಯ ಮೇಲೆ ಬಿತ್ತು.

"ನೀವು?"

"ನಾನು ಜೊತೆಗೆ ಬಂದೋಳು."

"ಕೊನೇ ಸಲ ಪರೀಕ್ಷೆ ಮಾಡಿಸಿಕೊಂಡಿದ್ದು ಯಾವಾಗ?"

"ಮಗಳು ಹುಟ್ಟಿದಾಗ."

"ಮಗಳು ಈಗ ಏನ್ ಮಾಡ್ತಿದ್ದಾಳೆ?"

"ಬ್ಯಾಂಕಿನಲ್ಲಿ ಕೆಲಸ."

"ಒಳಗೆ ಬನ್ನಿ" ಎಂದಳು ಡಾಕ್ಟರಮ್ಮ. ಗರ್ಭಕೋಶದ ಬಾಯಿಂದ ಒಂದಿಷ್ಟು ಒರೆಸಿ ತೆಗೆದು ನೋಡುವುದು, ಅಲ್ಲಿನ ಕಾಯಿಲೆ ಕಾಯಿಲೆಯಾಗುವ ಮುಂಚೆಯೇ ತಿಳಿಯುತ್ತದೆ, ಎಲ್ಲ ಹೆಂಗಸರೂ ಕೆಲವು ವರ್ಷಕ್ಕೊಮ್ಮೆ ಮಾಡಿಸಬೇಕಾದದ್ದು ಎಂದು ವಿವರಿಸಿದಳು. ಹೆಂಡತಿ ಗಂಡನ ಕಡೆ ತಿರುಗಿ, "ನಾನೂ ಒಂದು ಮಾತು ಬಾಯಿಬಿಟ್ಟು ಕೇಳಿದ್ರೆ ನೀವು ಹೀಗೇ ಕರ್ಕೊಂಡ್ ಬರ್ತಿದ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಅವಳ ವರದಿಯಲ್ಲಿ ಏನೂ ತೊಂದರೆ ಬರಲಿಲ್ಲ.

ಅಕ್ಕನದರಲ್ಲಿ ಬಂತು. ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಶುರುವಾಗಿದೆ, ಆಚೆಗೆ ಹರಡಿದಂತೆ ಕಾಣುತ್ತಿಲ್ಲ, ಬೇಗ ಆಪರೇಷನ್ ಮಾಡಿ ಗರ್ಭಕೋಶ ತೆಗೆದುಬಿಟ್ಟರೆ ಉಳಿಯುವ ಭರವಸೆ ಚೆನ್ನಾಗಿದೆ ಎಂದು ಡಾಕ್ಟರಮ್ಮ ಹೇಳಿದಳು.

"ಯಾರ ತಪ್ಪಿದು?" ಎಂದು ಮಿಸ್ತ್ರಿ ಕುರ್ಚಿ ಬಿಟ್ಟು ಎದ್ದ.

"ಯಾರದ್ದೂ ಅಲ್ಲ."

ಅವನು ನಿಂತೇ ಇದ್ದ. ಕೂಗಲು ಒಬ್ಬರೂ ಸಿಗದೆ ಮತ್ತೆ ಕೂತ. ಅಕ್ಕ ಮಾತ್ರ ತನ್ನ ಉಗುರಿನ ಬಣ್ಣ ಕೆರೆಯುತ್ತ, "ತೆಗೀರಿ. ಇಷ್ಟು ವರ್ಷ ಸುಮ್ನೆ ಕೂತು ಈಗ ಕಿತಾಪತಿ ಶುರುಮಾಡಿದೆ" ಎಂದಳು. ಬಣ್ಣ ಪೂರ್ತಿ ಹೋದ ಮೇಲೂ ಅದೇ ಉಗುರನ್ನು ಕೆರೆಯುತ್ತಲೇ ಇದ್ದಳು. ಅವನು ಅದನ್ನು ನೋಡಿಯೂ ನೋಡದವನಂತಿದ್ದ. ಅಷ್ಟು ಬುದ್ಧಿ ಅವನಿಗೆ ಅಷ್ಟರಲ್ಲಿ ಬಂದಿತ್ತು.

ಆಪರೇಷನ್ನಿಗೆ ದೊಡ್ಡ ಆಸ್ಪತ್ರೆಗೇ ಹೋಗಬೇಕಾಯಿತು. ಒಂದು ಬಾಟಲಿ ರಕ್ತ ಸಿದ್ಧವಿರಲಿ ಎಂದರು. ಮಿಸ್ತ್ರಿ ಅಲ್ಲಿನ ರಕ್ತನಿಧಿಗೆ ಹೋಗಿ, ಅಂಗಿಯ ತೋಳು ಮಡಚಿ, "ಎಷ್ಟು ಬೇಕೋ ತಗೊಳ್ಳಿ" ಎಂದು ಕೂತ. ನರ್ಸು ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದಳು. ಇನ್ನೊಂದು ಸಲ ನೋಡಿದಳು.

"ನಿಮ್ಮಿಂದ ತಗೊಳ್ಳೋಕಾಗಲ್ಲ. ಬಿಪಿ ತುಂಬ ಜಾಸ್ತಿಯಿದೆ. ಯಾರ ಮೇಲಾದ್ರೂ ಕೋಪ ಮಾಡ್ಕೊಂಡಿದ್ದೀರಾ?"

"ಇಲ್ಲ!"

ಆ ಇಲ್ಲಕ್ಕೆ ಯಂತ್ರದ ಅಂಕಿ ಇನ್ನೂ ಮೇಲೆ ಹೋಯಿತು. ಹೆಂಡತಿಯ ಮೈಯಲ್ಲೇ ರಕ್ತ ಕಡಿಮೆಯಿದೆ ಎಂದು ಅವಳನ್ನೂ ಬೇಡವೆಂದರು. ಕೊನೆಗೆ ರಕ್ತನಿಧಿಯವರೇ ತಮ್ಮಲ್ಲಿದ್ದ ಒಂದು ಬಾಟಲಿ ಕೊಟ್ಟು, "ಇದು ಯಾರೋ ಪುಣ್ಯಾತ್ಮರು ಕೊಟ್ಟಿದ್ದು. ಇದರ ಬದಲು ಆಮೇಲೆ ನಿಮ್ಮ ಕಡೆಯವರು ಯಾರಾದ್ರೂ ಬಂದು ಕೊಟ್ರೆ ಸಾಕು" ಎಂದರು.

"ಯಾರೋ ಯಾಕೆ? ನಾನೇ ಬರ್ತೀನಿ."

ಆಪರೇಷನ್ನಿನಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ರಕ್ತ ಹೋಗಿ ಆ ಬಾಟಲಿ ಪೂರ್ತಿ ಬೇಕಾಯಿತು. ಕಾಯಿಲೆ ಆಚೆಗೆ ಹರಡಿರಲಿಲ್ಲ. ಅಕ್ಕ ಮನೆಗೆ ಬಂದಳು. ಭಾರ ಎತ್ತಬಾರದೆಂದದ್ದಕ್ಕೆ ಕೆಲವು ತಿಂಗಳು ಶೆಡ್ಡಿನಲ್ಲಿ ಕೂತು ತಮ್ಮ ಹೊಡೆದ ಬಣ್ಣದಲ್ಲಿ ಹುಳುಕು ಹುಡುಕಿದಳು. ಆಮೇಲೆ ತಾನೇ ಬ್ರಷ್ ಹಿಡಿದಳು. ಈಗ ಹೇಳಿದ ದಿನಕ್ಕೆ ತಪ್ಪದೆ ಕ್ಲಿನಿಕ್ಕಿಗೆ ತಪಾಸಣೆಗೆ ಹೋಗುತ್ತಾಳೆ. ಹೋಗುವಾಗ ಟೈಲರಮ್ಮನನ್ನು, ಟೀಯವಳನ್ನು ಬಿಡದೆ ಎಳೆದುಕೊಂಡು ಹೋಗುತ್ತಾಳೆ.

ಮಿಸ್ತ್ರಿ ರಕ್ತ ಕೊಡಲು ಮತ್ತೆ ಹೋದ. ಬಿಪಿ ಜಾಸ್ತಿ ಎಂದು ವಾಪಸ್ಸು ಕಳಿಸಿದರು. ಉಪ್ಪು ಕಡಿಮೆ ಮಾಡಿ, ಮಾತ್ರೆ ನುಂಗಿ, ಬೆಳಿಗ್ಗೆ ಎದ್ದು ನಡೆದು, ಪರಿಚಯದ ಔಷಧಿ ಅಂಗಡಿಯಲ್ಲಿ ನೋಡಿಸಿಕೊಂಡಾಗ ಸರಿಯಾಗಿಯೇ ಇತ್ತು. ಆದರೆ ರಕ್ತನಿಧಿಯ ಕುರ್ಚಿಯಲ್ಲಿ ಅವನು ಕೂತ ಮೇಲೆ ನರ್ಸು, "ಆರಾಮಾಗಿ ಕೂತ್ಕೊಳ್ಳಿ, ಟೆನ್ಶನ್ ಮಾಡ್ಕೋಬೇಡಿ" ಎಂದಳೆಂದರೆ ಮುಗಿಯಿತು. ತನಗೆ ಆರಾಮು ಹೇಳಿಕೊಡಲು ಇವಳು ಯಾರು ಎಂದು ಅವನಿಗೆ ಸಿಟ್ಟು ತಲೆಗೇರುತ್ತಿತ್ತು. ಅಪ್ಪನ ಬದಲು ತಾನು ಕೊಡುತ್ತೇನೆ ಎಂದು ಮಗಳು ಹೊರಟಳು, ಅವನು ಬಿಡಲಿಲ್ಲ. ಟೈಲರಮ್ಮನ ಗಂಡ ಕೇಳಿದ, ಅವನಿಗೂ ಬೇಡವೆಂದ. ಅಕ್ಕ ನನ್ನವಳು, ಬಾಕಿ ನನ್ನದು, ಮಧ್ಯೆ ಬೇರೆಯವರಿಗೇನು ಕೆಲಸ ಎಂಬುದು ಅವನ ಲೆಕ್ಕ.

"ಬಿಡೋ ಮಾರಾಯ" ಎನ್ನುತ್ತಾಳೆ ಅಕ್ಕ. "ನಿನ್ನ ರಕ್ತ ಹಾಕಿಸ್ಕೊಂಡೋರು ಎದ್ದು ಕೂತ ತಕ್ಷಣ ಡಾಕ್ಟರಿಗೇ ಹೊಡೀತಾರೆ."

ಮೊನ್ನೆ ಮತ್ತೊಮ್ಮೆ ಹೋಗಿದ್ದ. ಬಾಗಿಲಲ್ಲೇ ಅವನನ್ನು ಕಂಡ ನರ್ಸು ಎದ್ದು ನಿಂತು, ದೂರದಿಂದಲೇ, ಇವತ್ತು ಬೇಡ ಎಂದು ಕೈಯಾಡಿಸಿದಳು. ಬಾಟಲಿ ಇನ್ನೂ ಬಾಕಿಯಿದೆ.